ಒಂದು ಬಿಚ್ಚು, ಒಂದು ಕಟ್ಟು

ಹೊಸ ಪಟ್ಟಿ ಬಂದ ದಿನ ಬೆಳಿಗ್ಗೆ ಹತ್ತೂಕಾಲಿಗೆ ದಾರದಕ್ಕ ತಾನು ಕೂರುವ ಸ್ಟೂಲಿಗೇ ಒದ್ದಳು. ಅದು ಉರುಳಿಕೊಂಡು ಹೋಗಿ ಕಬ್ಬಿಣದ ಬೀರುವಿಗೆ ಬಡಿದ ಸದ್ದು ಮೂರನೇ ಮಹಡಿಯಿಂದ ಕೆಳಗಿನ ಟಿಕೆಟ್ ಕೌಂಟರಿನವರೆಗೂ ಕೇಳಿಸಿತು. ಏನಾಯಿತೆಂದು ನೋಡಲು ಯಾರೂ ಮೇಲೆ ಬರಲಿಲ್ಲ. ದಾರದಕ್ಕನ ಮೂಗಿನ ತುದಿಯ ಕೋಪ ಮ್ಯೂಸಿಯಮ್ಮಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಅದು ತಾನಾಗಿ ಇಳಿಯುವ ತನಕ ದೂರ ಇರುವುದು ಕ್ಷೇಮ ಎಂದು ಹೊಸದಾಗಿ ಸೇರಿದವರಿಗೂ ಮೊದಲ ವಾರದಲ್ಲೇ ತಿಳಿದುಬಿಡುತ್ತಿತ್ತು.

ಅವಳು ಹಕ್ಕಿ ಕೋಣೆಯವಳು. ಗಾಜಿನ ಪೆಟ್ಟಿಗೆಯೊಳಗೆ ರೆಕ್ಕೆ ಬಿಚ್ಚಿ ನಿಂತು ಮಕ್ಕಳನ್ನು ಹೆದರಿಸುವ ಹದ್ದುಗಳೆಲ್ಲ ಕೆಳಗಿನ ಮಹಡಿಯವು, ಬೇರೆಯವರ ಪಾಲಿನವು. ಇವಳ ಹಕ್ಕಿಗಳು ಜನಕ್ಕೆ ಕಾಣದವು. ಒಣಗಿಸಿ, ಹತ್ತಿ ತುಂಬಿ, ಹೊಲಿದು, ಅಗಲವಾದ ಡ್ರಾಯರುಗಳಲ್ಲಿ ಸಾಲಾಗಿ ಅಂಗಾತ ಮಲಗಿಸಿಟ್ಟ ಆರು ಸಾವಿರ ಹಕ್ಕಿಗಳು. ಕಣ್ಣಿದ್ದ ಜಾಗದಲ್ಲಿ ಬಿಳಿ ಹತ್ತಿ. ಎರಡು ಕಾಲು ಸೇರಿಸಿ ದಾರದಲ್ಲಿ ಕಟ್ಟಿದ ಒಂದು ಚೀಟಿ: ನಂಬರು, ಹೆಸರು, ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು, ಯಾರು ತಂದರು. ಆ ಚೀಟಿ ಬರೆಯುವುದು, ಕಟ್ಟುವುದು, ಕಾಯುವುದು ಮೂವತ್ತೊಂದು ವರ್ಷದಿಂದ ಇವಳ ಕೆಲಸ. ಅದಕ್ಕೇ ದಾರದಕ್ಕ ಎಂಬ ಹೆಸರು. ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿತ್ತು.

"ಚೀಟಿ ಹೋದ್ರೆ ಅದು ಹಕ್ಕಿಯಲ್ಲ, ಬರೀ ಹತ್ತಿ, ಪುಕ್ಕ" ಎನ್ನುತ್ತಿದ್ದಳು. ಹಳೆಯದಾದ ಚೀಟಿ ಬದಲಿಸಬೇಕಾದರೆ ಒಂದು ಹಕ್ಕಿಯದು ಬಿಚ್ಚಿ, ಅದಕ್ಕೆ ಹೊಸದು ಕಟ್ಟಿ, ಅದನ್ನು ಡ್ರಾಯರಿಗೆ ಹಾಕಿ, ಆಮೇಲೆ ಇನ್ನೊಂದನ್ನು ಮುಟ್ಟಬೇಕು. ಎರಡು ಹಕ್ಕಿಗಳು ಒಟ್ಟಿಗೆ ಬರಿಗಾಲಲ್ಲಿ ಮೇಜಿನ ಮೇಲೆ ಇರಕೂಡದು. 'ಒಂದು ಬಿಚ್ಚು, ಒಂದು ಕಟ್ಟು' ಎಂದು ಬೀರುವಿನ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದಳು. ಫೋಟೋಕ್ಕೆ ಅಡ್ಡ ಬರುತ್ತದೆಂದು ಎರಡು ಗುಬ್ಬಿಗಳ ಚೀಟಿ ಒಟ್ಟಿಗೆ ಬಿಚ್ಚಿದ ಸಂಶೋಧಕನೊಬ್ಬನನ್ನು, ಅವನು ಕಣ್ಣಲ್ಲಿ ನೀರು ತುಂಬಿಕೊಂಡರೂ ಬಿಡದೆ, ಮೆಟ್ಟಿಲಿಳಿಸಿ ಕಳಿಸಿದ್ದಳು.

ಇಂಥವಳ ಕೈಗೆ ಆ ಬೆಳಿಗ್ಗೆ ದೊಡ್ಡ ಪಟ್ಟಿಯ ತಿದ್ದುಪಡಿ ಬಂದಿತ್ತು. ಜಗತ್ತಿನ ಹಕ್ಕಿಗಳಲ್ಲಿ ಯಾವುದು ಯಾವ ಪ್ರಭೇದ ಎಂದು ಬರೆದಿಡುವ ಪಟ್ಟಿ ಒಂದೇ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವಳ ಕೋಣೆಗೆ ಬರುತ್ತಿದ್ದದ್ದು ಮೂರು. ಮೂರನ್ನೂ ಮಾಡುವವರು ಓದಿಕೊಂಡವರೇ, ಒಬ್ಬರನ್ನೊಬ್ಬರು ಕಂಡರೆ ಕೈ ಕುಲುಕುವವರೇ. ಆದರೆ ಉಲಿಯಕ್ಕಿಗಳ ಪುಟಕ್ಕೆ ಬಂದರೆ ಸಾಕು, ಮೂವರದೂ ಮೂರು ದಾರಿ. ಉಲಿಯಕ್ಕಿ ಎಂದರೆ ಮುಷ್ಟಿಯೊಳಗೆ ಅಡಗುವ ಕಂದು ಹಕ್ಕಿ. ಪೊದೆಯೊಳಗೆ ಕೂತು ಗಂಟಲು ಹರಿಯುವಂತೆ ಹಾಡುತ್ತದೆ, ಮುಖ ಮಾತ್ರ ತೋರಿಸುವುದಿಲ್ಲ. ಒಂದಕ್ಕೂ ಇನ್ನೊಂದಕ್ಕೂ ರೆಕ್ಕೆಯಲ್ಲಿ ನಾಲ್ಕಾರು ಮಿಲಿಮೀಟರ್ ವ್ಯತ್ಯಾಸ, ಹಾಡಿನಲ್ಲಿ ಒಂದು ಏರಿಳಿತ, ಅಷ್ಟೇ.

ಜೊಂಡಿನ ಉಲಿಯಕ್ಕಿಯನ್ನು ದೊಡ್ಡ ಪಟ್ಟಿ ಪ್ರತ್ಯೇಕ ಪ್ರಭೇದ ಎನ್ನುತ್ತಿತ್ತು. ಎರಡನೇ ಪಟ್ಟಿಯೂ ಹೂಂಗುಟ್ಟಿತ್ತು. ಮೂರನೆಯದು ಇಪ್ಪತ್ತು ವರ್ಷದಿಂದ 'ಪರಿಶೀಲನೆಯಲ್ಲಿದೆ' ಎನ್ನುತ್ತಾ ಕೂತಿತ್ತು. ಈಗ ದೊಡ್ಡ ಪಟ್ಟಿ ಒಂದೇ ಸಾಲಿನಲ್ಲಿ ಕೈ ತೊಳೆದುಕೊಂಡಿತ್ತು: ಜೊಂಡಿನ ಉಲಿಯಕ್ಕಿ ಬೇರೆ ಹಕ್ಕಿಯಲ್ಲ, ಎಲ್ಲೆಂದರಲ್ಲಿ ಸಿಗುವ ಕಾಲುವೆ ಉಲಿಯಕ್ಕಿಯೇ, ಹೆಸರು ಕೈಬಿಡಲಾಗಿದೆ.

ಹೋದದ್ದು ಹೆಸರೊಂದೇ ಆಗಿದ್ದರೆ ದಾರದಕ್ಕ ಸ್ಟೂಲಿಗೆ ಒದೆಯುತ್ತಿರಲಿಲ್ಲ, ಬಾಯಲ್ಲೇ ಬೈದು ಸುಮ್ಮನಾಗುತ್ತಿದ್ದಳು. ಊರಿನ ಅಂಚಿನಲ್ಲಿ, ಸಾಬೂನು ಕಾರ್ಖಾನೆಯ ಹಿಂದೆ, ಮೊಣಕಾಲುದ್ದ ನೀರಿನ ಒಂದು ಜೊಂಡಿನ ಬಯಲು ಇತ್ತು. ಆ ಹಕ್ಕಿ ಇದ್ದದ್ದು ಅಲ್ಲಿ ಮಾತ್ರ. ಬೇರೆಲ್ಲೂ ಇಲ್ಲದ ಪ್ರಭೇದ ಇರುವ ಜಾಗವನ್ನು ಮುಟ್ಟಕೂಡದೆಂದು ನಗರಸಭೆಯ ನಿಯಮ, ಮತ್ತು ನಗರಸಭೆ ನೋಡುವುದು ದೊಡ್ಡ ಪಟ್ಟಿಯನ್ನು. ಆ ಒಂದು ಹೆಸರಿನ ದೆಸೆಯಿಂದ ಜೊಂಡು ಇಷ್ಟು ವರ್ಷ ಉಳಿದಿತ್ತು. ಅಲ್ಲಿ ಮಣ್ಣು ತುಂಬಿ ಲಾರಿ ನಿಲ್ದಾಣ ಮಾಡಬೇಕೆಂದು ಒಂದು ಸಾಗಣೆ ಕಂಪನಿ ಆಗಲೇ ಅರ್ಜಿ ಹಾಕಿಕೊಂಡು ಕಾಯುತ್ತಿತ್ತು. ವಿಚಾರಣೆಗೆ ಹನ್ನೆರಡು ದಿನ ಬಾಕಿ.

ಮಧ್ಯಾಹ್ನ ಅವಳ ಅಣ್ಣ ಬಂದ. ಮೂರು ಮಹಡಿಯ ಮೆಟ್ಟಿಲ ಮೇಲೂ ಅವನ ಬೂಟಿನ ಕೆಸರು ಬಿದ್ದಿತ್ತು. ಅವನು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವನು. ಜೊಂಡಿನ ಮೇಲೆ ಹಾದುಹೋಗುವ ತಂತಿಗೆ ಬಡಿದು ಸತ್ತುಬಿದ್ದ ಪುಟ್ಟ ಹಕ್ಕಿಗಳನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡು ತಂಗಿಗೆ ತಂದುಕೊಡುತ್ತಿದ್ದ. ಇದರ ಹಾಡು ಬೇರೆ ಇದೆ, ಸ್ವಲ್ಪ ನೋಡು ಎಂದು ಮೊದಲು ಹೇಳಿದವನೂ ಅವನೇ. ಕೆಲಸ ಬಿಟ್ಟ ಮೇಲೆ ದಿನಾ ಬೆಳಿಗ್ಗೆ ಜೊಂಡಿಗಿಳಿದು ಗೂಡು ಎಣಿಸುವುದೇ ಅವನ ಉದ್ಯೋಗ.

"ಎಂಬತ್ತಮೂರು ಗೂಡು" ಎಂದು ಮೇಜಿನ ಮೇಲೆ ತನ್ನ ಪುಸ್ತಕ ಕುಕ್ಕಿದ. "ಇವತ್ತು ಬೆಳಿಗ್ಗೆ ಎಣಿಸ್ದೆ. ಆ ಎಂಬತ್ತಮೂರಕ್ಕೂ ನೀವು ಇಲ್ಲ ಅಂತ ನೋಟಿಸ್ ಕೊಟ್ಟು ಬರ್ಲಾ?"

"ನನ್ನ ಮೇಲ್ಯಾಕೆ ಕೂಗ್ತೀಯ? ನಾನು ಬರೆದ್ನಾ ಪಟ್ಟಿ?"

"ನೀನಿರೋ ಜಾಗದಲ್ಲೇ ಅಲ್ವಾ ಇವೆಲ್ಲ ನಡೆಯೋದು. ಒಂದು ಪಟ್ಟೀಲಿ ಮನೆಮಗ, ಇನ್ನೊಂದ್ರಲ್ಲಿ ನೆಂಟ, ಮೂರನೇದ್ರಲ್ಲಿ ಯಾರೋ ಏನೋ ವಿಚಾರಿಸ್ತೀವಿ ಅಂತ. ಹಕ್ಕಿ ಒಂದೇ ಅಲ್ವೇ ಪುಟ್ಟೀ?"

ಐವತ್ತೆಂಟು ವರ್ಷದವಳನ್ನು ಪುಟ್ಟೀ ಎನ್ನುವವನು ಭೂಮಿಯ ಮೇಲೆ ಅವನೊಬ್ಬನೇ. ಅವಳಿಗೆ ಅಳು ಬಂದಂತಾಗಿ, ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ದೊಡ್ಡ ಪಟ್ಟಿ ಮಾಡುವ ಪ್ರೊಫೆಸರಿಗೆ ಅವನೆದುರಿಗೇ ಫೋನು ಹಚ್ಚಿದಳು.

"ನಮಸ್ಕಾರ ಸಾರ್. ನೀವು ಯಾವತ್ತಾದ್ರೂ ಜೊಂಡಿನೊಳಗೆ ಕಾಲಿಟ್ಟಿದೀರಾ?"

"ನಮಸ್ಕಾರ ಮೇಡಂ. ನಿಮ್ಮ ಫೋನ್ ಬರುತ್ತೆ ಅಂತ ಗೊತ್ತಿತ್ತು." ಅವರ ದನಿಯಲ್ಲಿ ಎಳ್ಳಷ್ಟೂ ಬಿಸಿಯಿರಲಿಲ್ಲ, ಅದೇ ಅವಳ ಮೈ ಉರಿಸಿತು. "ಇಟ್ಟಿಲ್ಲ, ಒಪ್ಕೋತೀನಿ. ಆದ್ರೆ ನಾನು ಸುಮ್ಮನೆ ಬರೆದದ್ದಲ್ಲ. ನಿಮ್ಮ 4417ನೇ ಹಕ್ಕಿ, ಜೊಂಡಿಂದ ಬಂದಿದ್ರಲ್ಲಿ ಹುಳ ತಿನ್ನದೆ ಉಳಿದಿರೋದು ಅದೊಂದೇ. ಅದರ ಕಾಲಿನ ಚರ್ಮದ ಚೂರು ನೀವೇ ಕತ್ತರಿಸಿ ಕಳಿಸಿದ್ರಿ. ಡಿಎನ್‌ಎ ನೋಡಿದ್ವಿ, ಮೂರು ಸಲ ನೋಡಿದ್ವಿ. ಅದು ಪೂರ್ತಿ ಕಾಲುವೆ ಉಲಿಯಕ್ಕಿ. ಕೂದಲೆಳೆ ವ್ಯತ್ಯಾಸ ಇಲ್ಲ."

"ಸತ್ತಿದ್ದನ್ನ ಯಾಕೆ ನೋಡಿದ್ರಿ? ಬದುಕಿರೋದು ನೂರಾರಿವೆಯಲ್ಲ!"

"ಬಲೆ ಹಾಕಿ ಒಂದು ಪುಕ್ಕ ತಗೊಳ್ಳೋಕೆ ಅನುಮತಿ ಕೇಳಿದ್ವಿ ಮೇಡಂ. ಹಕ್ಕಿಗಳಿಗೆ ತೊಂದರೆ ಆಗುತ್ತೆ, ಕೊಡಕೂಡದು ಅಂತ ನಾಲ್ಕು ಪುಟ ಬರೆದು ತಡೆದೋರು ನೀವೇ." ಪ್ರೊಫೆಸರು ಮುಂದುವರಿಸಿದರು. "ನಿಮ್ಮದೇ ಹಕ್ಕಿ, ನಿಮ್ಮದೇ ಚೀಟಿ. ನಿಮ್ಮ ಚೀಟಿ ಅಂದ್ರೆ ನಾವ್ಯಾರೂ ಎರಡನೇ ಸಲ ಕೇಳಲ್ಲ."

ಅವಳು ಫೋನು ಕುಕ್ಕಿದಳು. ಅಣ್ಣನನ್ನು ಮನೆಗೆ ಕಳಿಸಿ, ಬಾಗಿಲು ಹಾಕಿಕೊಂಡು, ಉಲಿಯಕ್ಕಿಗಳ ಡ್ರಾಯರು ಎಳೆದಳು. ಕೂದಲೆಳೆ ವ್ಯತ್ಯಾಸ ಇಲ್ಲವಂತೆ! ರೆಕ್ಕೆ ಅಳೆದು, ಫೋಟೋ ತೆಗೆದು, ಆ ಮನುಷ್ಯನ ಮುಖಕ್ಕೆ ಎಸೆಯುತ್ತೇನೆ ಎಂದುಕೊಂಡಳು. ಹಕ್ಕಿ ಬಂದ ದಿನ, ಮೈ ಇನ್ನೂ ಮೆತ್ತಗಿರುವಾಗಲೇ ಅಳತೆ ಬರೆದಿಡುವ ಉದ್ದನೆಯ ನೋಟ್‌ಬುಕ್ಕು ಬೀರುವಿನ ತಳದಲ್ಲಿತ್ತು. ಆ ಪುಟ ತೆಗೆದಳು. 4417, ಜೊಂಡು: ರೆಕ್ಕೆ ಐವತ್ತನಾಲ್ಕು, ಬಲಗಾಲ ಹಿಂಬೆರಳಿನ ಉಗುರು ತಂತಿಗೆ ಬಡಿದು ಮುರಿದಿದೆ. ಅದರ ಕೆಳಗೆ, ಅದೇ ವಾರ ಕಾಲುವೆ ಬದಿಯಲ್ಲಿ ಸಿಕ್ಕಿದ ಕಾಲುವೆ ಉಲಿಯಕ್ಕಿ, 4418: ರೆಕ್ಕೆ ಅರವತ್ತೊಂದು, ಗಾಯವಿಲ್ಲ.

4417ರ ಚೀಟಿ ಕಟ್ಟಿದ ಹಕ್ಕಿಯನ್ನು ಅಂಗೈ ಮೇಲಿಟ್ಟು ಸ್ಕೇಲು ಹಿಡಿದಳು. ಅರವತ್ತು.

ಸ್ಕೇಲು ಸರಿಸಿ ಮತ್ತೆ ಹಿಡಿದಳು. ಅರವತ್ತೇ. ಒಣಗಿದ ರೆಕ್ಕೆ ಒಂದು ಮಿಲಿಮೀಟರು ಕುಗ್ಗಬಹುದು, ಆರು ಮಿಲಿಮೀಟರು ಬೆಳೆಯುವುದಿಲ್ಲ. ಭೂತಕನ್ನಡಿ ತೆಗೆದು ಬಲಗಾಲು ನೋಡಿದಳು. ನಾಲ್ಕು ಬೆರಳು, ನಾಲ್ಕೂ ಉಗುರು ನೆಟ್ಟಗಿದ್ದವು. ಪಕ್ಕದ ಸಾಲಿನಿಂದ 4418ನ್ನು ಎತ್ತಿಕೊಂಡಳು. ಅದರ ಬಲಗಾಲ ಹಿಂಬೆರಳಿನ ಉಗುರು ಅರ್ಧಕ್ಕೆ ಮುರಿದಿತ್ತು.

ಅವಳು ಎರಡನ್ನೂ ಅಕ್ಕಪಕ್ಕ ಮಲಗಿಸಿದಳು. ಎರಡೂ ಚೀಟಿಗಳ ದಾರದ ಗಂಟು ನೋಡಿದಳು. ಎರಡು ಸುತ್ತು, ಒಂದು ಒಳಗಂಟು, ತುದಿ ಎಡಕ್ಕೆ. ಜಗತ್ತಿನಲ್ಲಿ ಆ ಗಂಟು ಹಾಕುವ ಕೈ ಒಂದೇ ಇತ್ತು, ಅದು ಅವಳ ತೋಳಿನ ತುದಿಯಲ್ಲೇ ಇತ್ತು. ಎರಡು ವರ್ಷದ ಹಿಂದೆ ಚರ್ಮದ ಚೂರು ಕತ್ತರಿಸುವಾಗಲೂ ಅವಳು ನೋಡಿದ್ದು ಚೀಟಿಯನ್ನು, ಹಕ್ಕಿಯನ್ನಲ್ಲ.

ಆ ದಿನ ಯಾವುದೆಂದು ನೆನಪಿಸಿಕೊಳ್ಳಲು ಅವಳು ಕಷ್ಟಪಡಬೇಕಾಗಲಿಲ್ಲ. ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಜೊಂಡಿನ ಹಕ್ಕಿ ಹೊಸ ಪ್ರಭೇದ ಎಂದು ಆಗಿನ ನಿರ್ದೇಶಕರು ಪ್ರಕಟಿಸಿದ್ದರು. ಶಾಸ್ತ್ರೀಯ ಹೆಸರಿನಲ್ಲಿ ತಮ್ಮ ಹೆಸರನ್ನೇ ತೂರಿಸಿಕೊಂಡಿದ್ದರು. ಸಾಲದ್ದಕ್ಕೆ ಅಚ್ಚು ಹಾಕಿಸಿದ ಹೊಸ ಚೀಟಿಗಳನ್ನು ಅವಳ ಮೇಜಿಗೆ ಕಳಿಸಿ, ಉಲಿಯಕ್ಕಿಗಳ ಹಳೆಯ ಚೀಟಿಗಳನ್ನೆಲ್ಲ ಕಿತ್ತು ಇವನ್ನು ಕಟ್ಟು, ಮಧ್ಯಾಹ್ನ ಅತಿಥಿಗಳು ಬರುತ್ತಾರೆ ಎಂದಿದ್ದರು. ಹಳೆಯ ಚೀಟಿಯಲ್ಲಿ ತಂದವರ ಜಾಗದಲ್ಲಿ ಅಣ್ಣನ ಹೆಸರಿತ್ತು. ಹೊಸದರಲ್ಲಿ ಆ ಜಾಗದಲ್ಲಿ ನಿರ್ದೇಶಕರ ಹೆಸರು ಅಚ್ಚಾಗಿತ್ತು. ತಂತಿ ಕೆಳಗೆ ಕೆಸರಲ್ಲಿ ತಡಕಾಡಿದವನು ಒಬ್ಬ, ಫೋಟೋಕ್ಕೆ ನಿಲ್ಲುವವನು ಇನ್ನೊಬ್ಬ. ಆ ಹೊತ್ತಿಗೇ ಅಣ್ಣ ಡಬ್ಬಿ ಹಿಡಿದು ಬಂದಿದ್ದ. ಚೀಟಿ ತೋರಿಸಿದರೆ ನಕ್ಕುಬಿಟ್ಟಿದ್ದ. "ಹೋಗ್ಲಿ ಬಿಡು ಪುಟ್ಟೀ, ಹಕ್ಕಿಗೇನು ಓದೋಕೆ ಬರುತ್ತಾ?" ಅವನು ನಕ್ಕದ್ದಕ್ಕೆ ಅವಳಿಗೆ ನೆತ್ತಿಗೇರಿತ್ತು. ಕತ್ತರಿ ಹಿಡಿದ ಕೈಯಲ್ಲೇ ಅವನ ಮೇಲೆ ಕೂಗಾಡಿದ್ದಳು, ಒಂದರ ದಾರ ಕತ್ತರಿಸಿದ್ದಳು, ಕೂಗಾಡುತ್ತಲೇ ಇನ್ನೊಂದರದ್ದನ್ನೂ ಕತ್ತರಿಸಿದ್ದಳು.

ಆ ಕೆಂಪು ಬಣ್ಣದ ನಿಯಮವನ್ನು ಬೀರುವಿನ ಮೇಲೆ ಬರೆಸಿದ್ದು ಅದಾದ ಮರುತಿಂಗಳು. ಯಾಕೆ ಬರೆಸಿದಳೆಂದು ಯಾರೂ ಕೇಳಿರಲಿಲ್ಲ. ಅವಳೂ ತನ್ನನ್ನು ಕೇಳಿಕೊಂಡಿರಲಿಲ್ಲ.

ಸಂಜೆ ಅಣ್ಣನ ಮನೆಗೆ ಹೋದಳು. ಅವನು ಅಡಿಗೆಮನೆಯ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಬೂಟು ತಿಕ್ಕುತ್ತಿದ್ದ. ನಿಂತುಕೊಂಡೇ ಎಲ್ಲ ಹೇಳಿದಳು. ಅವನು ಬ್ರಷ್ಷು ಕೆಳಗಿಟ್ಟ. ಮುಖ ಅರಳಿತು.

"ಅಯ್ಯೋ, ಹಾಗಾದ್ರೆ ಒಳ್ಳೇದೇ ಆಯ್ತಲ್ಲ! ಅವ್ರು ಪರೀಕ್ಷೆ ಮಾಡಿದ್ದು ನಮ್ಮ ಹಕ್ಕೀನೇ ಅಲ್ಲ. ನಾಳೆ ಹೋಗಿ ಚೀಟಿ ಅದಲು ಬದಲು ಮಾಡ್ಬಿಡು. ಇನ್ನೊಂದು ಚೂರು ಕಳಿಸು, ಮೊದಲಿನ ಚೂರು ಕೆಟ್ಟೋಗಿತ್ತು ಅನ್ನು. ಮುಗೀತು."

"ಮುಚ್ಚು ಬಾಯಿ."

"ಯಾಕೆ? ತಪ್ಪಿದ್ದನ್ನ ಸರಿ ಮಾಡೋದು ಸುಳ್ಳಾ?"

"ಯಾರಿಗೂ ಹೇಳ್ದೆ ಮಾಡೋದು ಸುಳ್ಳು. ಆರು ಸಾವಿರ ಹಕ್ಕಿ ಮಲಗಿವೆ ಅಲ್ಲಿ. ಅವು ಏನು, ಎಲ್ಲಿಯವು ಅನ್ನೋಕೆ ಇರೋದು ನನ್ನ ಗಂಟು ಒಂದೇ. ನಾನೇ ಗುಟ್ಟಾಗಿ ಬಿಚ್ಚಿ ಕಟ್ಟೋಳಾದ್ರೆ, ನಾನು ಓಡ್ಸಿದ್ನಲ್ಲ ಆ ಫೋಟೋ ತೆಗೆಯೋನು, ಅವನ ಕಾಲಿಗೆ ಬೀಳ್ಬೇಕು ನಾನು!"

"ಹೇಳಿದ್ರೆ ಏನಾಗುತ್ತೆ ಗೊತ್ತಾ?" ಅಣ್ಣ ಎದ್ದು ನಿಂತ. ಅವನ ದನಿಯೂ ಏರಿತ್ತು. "ಒಂದು ತಪ್ಪಿದೆ ಅಂದ್ಮೇಲೆ ಎಲ್ಲಾನೂ ತಪ್ಪು ಅಂತಾರೆ. ಆ ಕಂಪನಿ ವಕೀಲ ಬಿಡ್ತಾನಾ? ಮೂವತ್ತೊಂದು ವರ್ಷದ ನಿನ್ನ ಹೆಸರು ಕಸದ ಬುಟ್ಟಿಗೆ. ನಾಲ್ಕು ತಿಂಗಳಿಗೆ ಯಾಕೆ ತಲೆ ಮೇಲೆ ಕಲ್ಲು ಹಾಕ್ಕೋತೀಯ?"

"ಅವತ್ತು ನೀನು ನಗಬಾರ್ದಿತ್ತು!"

ಹೇಳಬೇಕೆಂದುಕೊಂಡ ಮಾತಲ್ಲ ಅದು, ಬಾಯಿಂದ ಹಾರಿಹೋಯಿತು. ಅಣ್ಣನಿಗೆ ಆ ದಿನ ನೆನಪಿತ್ತು. ಅವನ ಮುಖದಿಂದಲೇ ಅವಳಿಗೆ ಗೊತ್ತಾಯಿತು. ತಂಗಿ ತನಗೋಸ್ಕರ ಕೂಗಾಡಿದ್ದು, ತಾನು ನಗುತ್ತಾ ಡಬ್ಬಿ ತಿರುಗಿಸುತ್ತಾ ನಿಂತಿದ್ದು. ಅವನು ಬೂಟು ಎತ್ತಿಕೊಂಡು ಮತ್ತೆ ತಿಕ್ಕಲು ಶುರುಮಾಡಿದ. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಬಾಗಿಲವರೆಗೂ ಅವನು ಬರಲಿಲ್ಲ.

ಮರುದಿನ ನಿರ್ದೇಶಕಿಯ ಕೋಣೆಗೆ ಹೋಗಿ ಅದನ್ನೇ ಹೇಳಿದಳು. ನಿರ್ದೇಶಕಿ ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಒಳ್ಳೆಯವರು. ಒಳ್ಳೆಯವರಾಗಿದ್ದರಿಂದಲೇ ಮಾತು ಹುಡುಕುತ್ತಾ ಪೆನ್ನಿನ ಮುಚ್ಚಳ ತೆಗೆದು ಹಾಕಿದರು.

"ಅಕ್ಕ, ಇದನ್ನ ನಾವು ಒಳಗೇ ವಿಚಾರಿಸೋಣ. ನೀವು ರಿಟೈರ್ ಆದ್ಮೇಲೆ ನಿಧಾನಕ್ಕೆ ಒಂದು ಟಿಪ್ಪಣಿ ಹಾಕ್ತೀನಿ. ನಿಮ್ಮ ಬೀಳ್ಕೊಡುಗೆಗೆ ಎಲ್ಲಾ ಏರ್ಪಾಡಾಗಿದೆ."

"ನಿಧಾನಕ್ಕೆ ಹಾಕೋ ಹೊತ್ತಿಗೆ ಜೊಂಡಿನ ಮೇಲೆ ಲಾರಿ ನಿಂತಿರ್ತವೆ."

"ಬೇರೆ ಮ್ಯೂಸಿಯಮ್ಮಿನೋರು ಏನಂತಾರೆ ಯೋಚನೆ ಮಾಡಿ. ನಮ್ಮ ಪ್ರತಿ ಚೀಟೀನೂ ಅನುಮಾನಕ್ಕೆ ಬೀಳುತ್ತೆ."

"ಬೀಳ್ಲಿ. ನಾನು ಹೇಳೋಕೆ ಬಂದೆ, ಕೇಳೋಕಲ್ಲ" ಎಂದು ದಾರದಕ್ಕ ಎದ್ದಳು. ಹಿಂದೆ ಎಳೆದ ಬಾಗಿಲು ಅವಳಂದುಕೊಂಡದ್ದಕ್ಕಿಂತ ಜೋರಾಗಿಯೇ ಬಡಿಯಿತು.

ವಿಚಾರಣೆ ನಗರಸಭೆಯ ಎರಡನೇ ಮಹಡಿಯ ಸಭಾಂಗಣದಲ್ಲಿ ನಡೆಯಿತು. ಉದ್ದನೆಯ ಮೇಜು, ಕಿರ್ರೆನ್ನುವ ಕುರ್ಚಿಗಳು, ಮುಚ್ಚಲಾಗದ ಒಂದು ಕಿಟಕಿ. ಒಂದು ಕಡೆ ಕಂಪನಿಯವರು, ಅವರ ಮಧ್ಯೆ ಇಸ್ತ್ರಿ ಮಾಡಿದ ವಕೀಲ. ಇನ್ನೊಂದು ಕಡೆ ಪಟ್ಟಿಯ ಪ್ರೊಫೆಸರು. ಅವರನ್ನು ಅವಳು ಮೊದಲ ಸಲ ಕಂಡದ್ದು ಅಲ್ಲೇ. ರಾಕ್ಷಸನಂತಿರುತ್ತಾರೆ ಎಂದುಕೊಂಡಿದ್ದಳು. ತೆಳ್ಳಗಿನ, ನೆಗಡಿಯಾದ ಮನುಷ್ಯ, ಮಾತಿಗೊಮ್ಮೆ ಮೂಗೊರೆಸಿಕೊಳ್ಳುತ್ತಿದ್ದರು. ಅಣ್ಣ ಕೊನೆಯ ಸಾಲಿನಲ್ಲಿ ಕೈಕಟ್ಟಿ ಕೂತಿದ್ದ. ಹನ್ನೆರಡು ದಿನದಿಂದ ಅಣ್ಣ ತಂಗಿಯ ನಡುವೆ ಮಾತಿರಲಿಲ್ಲ.

ಅವಳ ಸರದಿ ಬಂದಾಗ ಅವಳು ಮೇಜಿನ ಮೇಲೆ ಎರಡು ಟ್ರೇ ಇಟ್ಟಳು. ಒಂದೊಂದರಲ್ಲಿ ಒಂದೊಂದು ಕಂದು ಹಕ್ಕಿ. ನೋಟ್‌ಬುಕ್ಕು ತೆರೆದಿಟ್ಟಳು, ಸ್ಕೇಲು ಇಟ್ಟಳು, ಭೂತಕನ್ನಡಿ ಇಟ್ಟಳು.

"ಈ ಚೀಟಿ ಈ ಹಕ್ಕೀದು, ಆ ಚೀಟಿ ಆ ಹಕ್ಕೀದು ಅಂತ ಬರೆದಿದೆ. ಎರಡೂ ಅದಲು ಬದಲು. ಇಪ್ಪತ್ತೆಂಟು ವರ್ಷದ ಹಿಂದೆ ನಾನೇ ಮಾಡಿದ್ದು. ಎರಡರ ದಾರಾನೂ ಒಟ್ಟಿಗೆ ಕತ್ತರಿಸಿದ್ದೆ. ಪ್ರೊಫೆಸರ್ ಸಾಹೇಬರು ಪರೀಕ್ಷೆ ಮಾಡಿದ್ದು ಕಾಲುವೆ ಹಕ್ಕೀನ. ಅದು ಕಾಲುವೆ ಹಕ್ಕಿ ಅಂತ ಬಂತು. ಬರದೆ ಇನ್ನೇನು ಬರುತ್ತೆ?"

ಪ್ರೊಫೆಸರು ಕುರ್ಚಿ ಸರಿಸಿ ಎದ್ದುಬಂದರು. ಮೂಗೊರೆಸಿಕೊಂಡು, ಸ್ಕೇಲು ತೆಗೆದುಕೊಂಡು ಎರಡೂ ರೆಕ್ಕೆ ಅಳೆದರು. ಭೂತಕನ್ನಡಿ ಹಿಡಿದು ಮುರಿದ ಉಗುರು ನೋಡಿದರು. ತುಂಬ ಹೊತ್ತು ನೋಡಿದರು. ಆ ಕಿಟಕಿ ಗಾಳಿಗೆ ಬಡಿದುಕೊಳ್ಳುತ್ತಿತ್ತು.

ವಕೀಲ ಎದ್ದ. ಅವನ ನಗುವಿನಲ್ಲಿ ಮರ್ಯಾದೆಗೇನೂ ಕಮ್ಮಿಯಿರಲಿಲ್ಲ.

"ಮೇಡಂ, ನಿಮ್ಮ ಪ್ರಾಮಾಣಿಕತೆ ದೊಡ್ಡದು. ಆದ್ರೆ ಒಂದು ಪ್ರಶ್ನೆ. ಈ ಹಕ್ಕಿ ಜೊಂಡಲ್ಲಿ ಸಿಕ್ತು ಅಂತ ಹೇಳೋದೂ ನಿಮ್ಮ ಚೀಟೀನೇ, ನಿಮ್ಮ ನೋಟ್‌ಬುಕ್ಕೇ. ನಿಮ್ಮ ಕೈ ತಪ್ಪುತ್ತೆ ಅಂತ ನೀವೇ ಈಗ ಹೇಳಿದ್ರಿ. ಹಾಗಿರೋವಾಗ ಅಂಥ ಒಂದು ಪ್ರಭೇದ ಇತ್ತು ಅಂತ ನಾವ್ಯಾಕೆ ನಂಬಬೇಕು? ನಿಮ್ಮ ಆರು ಸಾವಿರ ಚೀಟೀಲಿ ಯಾವುದನ್ನ ನಂಬಬೇಕು?"

ಅಣ್ಣ ಹೇಳಿದ್ದೂ ಇದನ್ನೇ. ಅವಳಿಗೆ ಸಿಟ್ಟು ಎದ್ದುಬಂತು. ಆದರೆ ಅದು ವಕೀಲನ ಮೇಲಲ್ಲ, ಪ್ರೊಫೆಸರ ಮೇಲೂ ಅಲ್ಲ. ಸತ್ತವುಗಳ ಕಾಲಿನ ಚೀಟಿ ಕಾಯುತ್ತಾ, ಬದುಕಿರುವುದರ ಹತ್ತಿರ ಯಾರನ್ನೂ ಬಿಡದೆ ನಾಲ್ಕು ಪುಟ ಬರೆದು ತಡೆದವಳ ಮೇಲೆ.

"ನಂಬ್ಬೇಡಿ" ಎಂದಳು. ದನಿ ಸಭಾಂಗಣದ ಗೋಡೆಗೆ ಬಡಿಯಿತು. "ಒಂದನ್ನೂ ನಂಬ್ಬೇಡಿ. ನನ್ನ ಚೀಟಿ ಹರಿದು ಬಿಸಾಕಿ. ಆ ಹಕ್ಕಿ ಇದೆಯೋ ಇಲ್ವೋ ಅಂತ ನನ್ನ ಡ್ರಾಯರ್‌ನ ಯಾಕ್ರೀ ಕೇಳ್ತೀರಿ? ನಾಳೆ ಬೆಳಿಗ್ಗೆ ಬೂಟು ಹಾಕ್ಕೊಂಡು ಬನ್ನಿ, ನೀವೂ ಬನ್ನಿ, ಪ್ರೊಫೆಸರೂ ಬರ್ಲಿ. ಬಲೆ ಹಾಕಿ. ನಾನೇ ಬೇಡ ಅಂದಿದ್ದೆ, ಈಗ ನಾನೇ ಹಾಕಿ ಅಂತೀನಿ. ಬದುಕಿರೋ ಹಕ್ಕಿ ಕಾಲಿಗೆ ನಾನು ಚೀಟಿ ಕಟ್ಟಿಲ್ಲ. ಅದರ ಪುಕ್ಕ ತಗೊಂಡು ಹೋಗಿ ಕೇಳಿ ಅದು ಯಾರು ಅಂತ!"

ವಕೀಲ ತನ್ನ ಬೂಟು ನೋಡಿಕೊಂಡ. ಅದು ಮಿರಮಿರನೆ ಹೊಳೆಯುತ್ತಿತ್ತು.

ವಿಚಾರಣಾ ಸಮಿತಿಯ ಅಧ್ಯಕ್ಷೆ ಪ್ರೊಫೆಸರತ್ತ ತಿರುಗಿದರು. ಪ್ರೊಫೆಸರು ಸ್ಕೇಲನ್ನು ಹಕ್ಕಿಯ ಪಕ್ಕ ನೆಟ್ಟಗೆ ಇಟ್ಟು ಮಾತಾಡಿದರು. "ನನ್ನ ಪರೀಕ್ಷೆ ಬಿದ್ದುಹೋಯ್ತು. ತಿದ್ದುಪಡಿ ವಾಪಸ್ ತಗೋತೀನಿ. ಹಾಗಂತ ಇವೆರಡೂ ಬೇರೆ ಬೇರೆ ಅಂತಾನೂ ನಾನು ಹೇಳಲ್ಲ. ಪುಕ್ಕ ಬರ್ಲಿ. ನಮ್ಮ ಪಟ್ಟಿ ನೋಡುತ್ತೆ, ಬೇರೆ ಎರಡು ಪಟ್ಟಿಯೋರೂ ನೋಡಬೇಕು. ಅವರು ನನ್ನ ಮಾತು ಒಪ್ಪೋದು ಅಪರೂಪ."

ಒಪ್ಪಿಕೊಳ್ಳುವಾಗಲೂ ಅರ್ಧವೇ ಒಪ್ಪುವ ಆ ಮನುಷ್ಯನನ್ನು ಕಂಡು ದಾರದಕ್ಕ ಹಲ್ಲು ಕಚ್ಚಿದಳು.

ಸಮಿತಿಯವರು ಒಳಗೆ ಹೋಗಿ ಮುಕ್ಕಾಲು ಗಂಟೆ ಕೂತು ಹೊರಬಂದರು. ಒಂದೇ ಪಟ್ಟಿಯನ್ನು ನಂಬಿ ಕೈಸುಟ್ಟುಕೊಂಡದ್ದು ಸಾಕು ಎಂದು ಅವರಿಗನ್ನಿಸಿತ್ತೋ ಏನೋ. ಜೀವಂತ ಹಕ್ಕಿಯ ಪುಕ್ಕದ ಪರೀಕ್ಷೆ ಆಗಬೇಕು, ಮತ್ತು ಇದು ಬೇರೆ ಪ್ರಭೇದ ಅಲ್ಲವೆಂದು ಮೂರೂ ಪಟ್ಟಿಗಳು ಒಮ್ಮತದಿಂದ ಹೇಳುವ ತನಕ ಜೊಂಡಿಗೆ ಒಂದು ಬುಟ್ಟಿ ಮಣ್ಣೂ ಬೀಳಕೂಡದು ಎಂದು ಅಧ್ಯಕ್ಷೆ ಓದಿದರು.

ಕೊನೆಯ ಸಾಲಿನಿಂದ ಒಂದು ನಗು ಕೇಳಿಸಿತು. ಅಣ್ಣನದು.

"ಮೂರೂ ಒಮ್ಮತದಿಂದಾ?" ಎಂದು ಪಕ್ಕದವರಿಗೆ ಹೇಳುತ್ತಿದ್ದ. "ಹಾಗಾದ್ರೆ ನನ್ನ ಮೊಮ್ಮಕ್ಕಳ ಮೊಮ್ಮಕ್ಕಳೂ ಅಲ್ಲಿ ಗೂಡು ಎಣಿಸ್ತಾರೆ ಬಿಡಿ!" ಇಷ್ಟು ವರ್ಷ ಪಟ್ಟಿಗಳ ಯಾವ ಜಗಳವನ್ನು ಬೈದು ಬೈದು ಅವಳ ಗಂಟಲು ಒಣಗಿತ್ತೋ, ಆ ಜಗಳವೇ ಜೊಂಡಿಗೆ ಬೇಲಿಯಾಗಿ ನಿಂತಿತ್ತು. ಈ ಸಲ ಅವನು ನಕ್ಕದ್ದಕ್ಕೆ ಅವಳಿಗೆ ಕೋಪ ಬರಲಿಲ್ಲ.

ಜೊಂಡಿನ ಲೆಕ್ಕ ಹೀಗೆ ಮುಗಿಯಿತು. ಅವಳ ಲೆಕ್ಕ ಸೋಮವಾರ ಶುರುವಾಯಿತು. ಬೀಳ್ಕೊಡುಗೆಯ ಮಾತನ್ನು ಮ್ಯೂಸಿಯಮ್ಮಿನಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ನಿರ್ದೇಶಕಿ ತಾವೇ ಮೂರು ಮಹಡಿ ಹತ್ತಿ ಬಂದರು, ಕೈಯಲ್ಲಿ ಹಳದಿ ಚೀಟಿಗಳ ಕಟ್ಟುಗಳಿದ್ದವು. ಅವಳ ಕೈಯ ಗಂಟಿರುವ ಪ್ರತಿ ಹಕ್ಕಿಗೂ ಒಂದು ಹಳದಿ ಚೀಟಿ ಕಟ್ಟಬೇಕು, ಅದರಲ್ಲಿ 'ಮರುಪರಿಶೀಲನೆ ಆಗಬೇಕು' ಎಂದು ಅಚ್ಚಾಗಿತ್ತು. ನೋಟ್‌ಬುಕ್ಕಿನ ಅಳತೆಗೆ ಹೊಂದುವುದೋ ಇಲ್ಲವೋ ಪಕ್ಕದಲ್ಲಿ ಬರೆಯಬೇಕು.

"ನೀವು ಮಾಡ್ಬೇಕಾಗಿಲ್ಲ ಅಕ್ಕ" ಎಂದರು ನಿರ್ದೇಶಕಿ, ಅವಳ ಮುಖ ನೋಡದೆ. "ಹೊರಗಿನಿಂದ ಇಬ್ಬರನ್ನ ಕರೆಸ್ತೀನಿ. ನೀವು ಬೇಕಾದ್ರೆ ರಜೆ ತಗೊಳ್ಳಿ."

"ಹೊರಗಿನೋರು ಬಂದು ಎರಡೆರಡು ಒಟ್ಟಿಗೆ ಬಿಚ್ಚಲಿ ಅಂತಲಾ?" ಅವಳು ಕಟ್ಟುಗಳನ್ನು ಕಿತ್ತುಕೊಂಡಳು. "ಕಟ್ಟಿದೋಳು ನಾನು. ಈ ಮಸಿ ಹಚ್ಚೋ ಕೆಲ್ಸಾನೂ ನಂದೇ. ಇಡಿ ಇಲ್ಲಿ, ಹೋಗಿ."

ಮಧ್ಯಾಹ್ನ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಅಣ್ಣ ಈ ಸಲ ಬೂಟನ್ನು ಬಾಗಿಲ ಹೊರಗೇ ಬಿಟ್ಟು ಒಳಗೆ ಬಂದ. ಕೇಳದೆಯೇ ಎದುರಿನ ಕುರ್ಚಿ ಎಳೆದುಕೊಂಡು ನೋಟ್‌ಬುಕ್ಕನ್ನು ತನ್ನತ್ತ ತಿರುಗಿಸಿಕೊಂಡ.

"ನಾನು ಅಳತೆ ಓದ್ತೀನಿ, ನೀನು ಅಳಿ. ಯಾವುದರಿಂದ ಶುರು?"

"ಯಾವುದರಿಂದ ಅಂತ ಬೇರೆ ಕೇಳ್ಬೇಕಾ?"

ಅವಳು 4417ರ ಚೀಟಿಯಿದ್ದ ಹಕ್ಕಿಯನ್ನು ಮೇಜಿನ ಮೇಲಿಟ್ಟಳು. ಅಚ್ಚಾದ ಹಳೆಯ ಚೀಟಿಯಲ್ಲಿ ಆ ಕಾಲದ ನಿರ್ದೇಶಕರ ಹೆಸರು ಇನ್ನೂ ಕಪ್ಪಗೆ ಎದ್ದು ಕಾಣುತ್ತಿತ್ತು. ಅದನ್ನು ಅವಳು ತೆಗೆಯಲಿಲ್ಲ. ಹಳದಿ ಚೀಟಿ ತೆಗೆದುಕೊಂಡು ಬರೆದಳು: ಈ ಹಕ್ಕಿ 4418, ಜೊಂಡಿನದಲ್ಲ, ಕಾಲುವೆಯದು, ಚೀಟಿ ಅದಲುಬದಲಾಗಿದೆ. ಅದರ ಕೆಳಗೆ 'ತಪ್ಪು ಮಾಡಿದವರು' ಎಂದು ಬರೆದು ಪೆನ್ನು ನಿಲ್ಲಿಸಿದಳು.

ಆರು ಸಾವಿರ ಚೀಟಿ ಬರೆದಿದ್ದಳು. ತಂದವರ ಹೆಸರು ಬರೆದಿದ್ದಳು, ಕೊಟ್ಟವರ ಹೆಸರು, ಗುರುತಿಸಿದವರ ಹೆಸರು, ಫೋಟೋಕ್ಕೆ ನಿಂತವರ ಹೆಸರು ಎಲ್ಲ ಬರೆದಿದ್ದಳು. ಹೊಲಿದು ಕಟ್ಟಿದವಳ ಹೆಸರಿಗೆ ಯಾವ ಚೀಟಿಯಲ್ಲೂ ಜಾಗವಿರಲಿಲ್ಲ. ಈಗ ಅಪ್ಪ ಅಮ್ಮ ಇಟ್ಟ ತನ್ನ ಪೂರ್ತಿ ಹೆಸರನ್ನು, ಒತ್ತಿ ಒತ್ತಿ, ನಿಬ್ಬು ಕಾಗದದಲ್ಲಿ ಕಚ್ಚಿಕೊಳ್ಳುವ ಹಾಗೆ ಬರೆದಳು.

ಅಣ್ಣ ಓದಿದ. ಏನೋ ಹೇಳಲು ಬಾಯಿ ತೆರೆದ.

"ನಕ್ಕೀಯ ಜೋಕೆ" ಎಂದಳು.

"ನಗ್ತಾ ಇಲ್ಲ ಪುಟ್ಟೀ" ಎಂದ ಅವನು, ಮತ್ತು ನಿಜಕ್ಕೂ ನಗುತ್ತಿರಲಿಲ್ಲ. ಎರಡು ಸುತ್ತು, ಒಂದು ಒಳಗಂಟು, ತುದಿ ಎಡಕ್ಕೆ. ಗಂಟು ಬಿಗಿದು, ಹಕ್ಕಿಯನ್ನು ಡ್ರಾಯರಿನಲ್ಲಿ ಮಲಗಿಸಿ, ಡ್ರಾಯರು ಮುಚ್ಚಿದ ಮೇಲೆಯೇ ಅವಳು ಇನ್ನೊಂದಕ್ಕೆ ಕೈ ಚಾಚಿದಳು.